ಹದಿನೆಂಟನೆಯ ಶತಮಾನದ ಕಾವ್ಯದಲ್ಲಿ ಬರುವ ‘ಫಿಲಾಸಫಿ’ಗೆ ಕನ್ನಡ ಪದ ಯಾವುದು?

ಮಾನ್ಯರೇ,

ಜೇಮ್ಸ್ ಥಾಮ್ಸನ್ ಎಂಬ ಕವಿ ‘ದಿ ಸೀಸನ್ಸ್’ ಕಾವ್ಯದ ಬೇಸಿಗೆಯ ಭಾಗವನ್ನು ಮುಗಿಸುವಾಗ ಫಿಲಾಸಫಿಯನ್ನು ದೇವತೆಯಂತೆ ಸಂಬೋಧಿಸಿ ಸ್ತುತಿಸುತ್ತಾನೆ. ಕನ್ನಡದಲ್ಲಿ ಇದನ್ನು ‘ತತ್ತ್ವಶಾಸ್ತ್ರ’ ಎಂದು ಬರೆದರೆ ನಮ್ಮ ಓದುಗರ ಮನಸ್ಸು ನೇರವಾಗಿ ವೇದಾಂತದ ಕಡೆಗೆ ಹೊರಳುತ್ತದೆ. ಕವಿಯ ಮನಸ್ಸಿನಲ್ಲಿದ್ದದ್ದಾದರೋ ಬಹುಮಟ್ಟಿಗೆ ನ್ಯೂಟನ್ನನ ವಿದ್ಯೆ. ಆ ವಿದ್ಯೆಯನ್ನು ಅಂದು ಕರೆಯುತ್ತಿದ್ದದ್ದೇ ನಿಸರ್ಗದ ಫಿಲಾಸಫಿ ಎಂದು, 1687ರ ಆತನ ಮಹಾಗ್ರಂಥದ ಲ್ಯಾಟಿನ್ ಶೀರ್ಷಿಕೆಯಲ್ಲಿಯೂ ಇರುವುದು ಅದೇ ಮಾತು.

ಹಾಗಾದರೆ ‘ವಿಜ್ಞಾನ’ ಎನ್ನಬಹುದೇ? ನನ್ನ ಮುಖ್ಯ ಆಕ್ಷೇಪವಿರುವುದು ಇಲ್ಲಿ. ಇಂದು ನಾವು ವಿಜ್ಞಾನವೆನ್ನುವುದು ದೇವರ ಪ್ರಸ್ತಾಪವನ್ನು ಹೊರಗಿಟ್ಟು ನಡೆಯುವ ವಿದ್ಯೆ; ಆ ಕಾಲದ ವಿದ್ಯೆ ಹಾಗಿರಲಿಲ್ಲ. ವಿಲಿಯಂ ಡರ್ಹಮ್ ಎಂಬ ಪಾದ್ರಿ 1713ರಲ್ಲಿ ಪ್ರಕಟಿಸಿದ ಗ್ರಂಥದ ಉದ್ದೇಶವೇ ಸೃಷ್ಟಿಯ ರಚನೆಯಿಂದ ಸೃಷ್ಟಿಕರ್ತನನ್ನು ಸಾಧಿಸುವುದಾಗಿತ್ತು. ಅದಕ್ಕೆ ಒಂದು ವರ್ಷ ಮೊದಲೇ ಇಂಗ್ಲಿಷ್ ಲೇಖಕ ಜೋಸೆಫ್ ಅಡಿಸನ್, ಬೈಬಲಿನ 19ನೆಯ ಕೀರ್ತನೆಯನ್ನು ಅನುಸರಿಸಿ, ಗ್ರಹತಾರೆಗಳೇ ದೇವರನ್ನು ಸಾರುತ್ತವೆಂದು ಹಾಡಿದ್ದನು. ಅದೇ ಶತಮಾನದ ಕವಿ ಎಡ್ವರ್ಡ್ ಯಂಗ್ ಭಕ್ತಿಯಿಲ್ಲದ ಖಗೋಳಜ್ಞನನ್ನು ಹುಚ್ಚನೆಂದೇ ಕರೆದನು. ಥಾಮ್ಸನ್ ವಸಂತದ ಭಾಗದಲ್ಲಿ ಕಾಮನಬಿಲ್ಲನ್ನು ವರ್ಣಿಸುತ್ತ ನ್ಯೂಟನ್ನನನ್ನು ಹೆಸರಿಟ್ಟು ಕರೆದು, ಕರಗುವ ಮೋಡಗಳು ಸೂರ್ಯನಿಗೆದುರಾಗಿ ನಿನ್ನ ಪಟ್ಟಕವಾಗುತ್ತವೆ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗಾಜು, ಪ್ರಿಸಂ) ಎನ್ನುತ್ತಾನೆ, ಅದರ ಬೆನ್ನಲ್ಲೇ ಆ ಬಿಲ್ಲನ್ನು ಹಿಡಿಯಲು ಓಡುವ ಹಳ್ಳಿಗನನ್ನೂ ತರುತ್ತಾನೆ. ಬಣ್ಣಗಳ ವಿವರಣೆಯಿಂದ ಬಿಲ್ಲಿನ ಬೆರಗು ಹಾಳಾಯಿತೆಂಬ ಕವಿ ಕೀಟ್ಸನ ಕೊರಗು ಮುಂದಿನ ಶತಮಾನದ್ದು. ಅದನ್ನು ಹಿಂದಕ್ಕೆಳೆದು ಥಾಮ್ಸನ್ನನಿಗೆ ಅಂಟಿಸುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ.

‘ವಿಜ್ಞಾನ’ದ ಹಳೆಯ ಅರ್ಥವನ್ನು ಹಿಡಿದರೂ ತೊಡಕು ತೀರುವುದಿಲ್ಲ. ಗೀತೆಯ ಏಳನೆಯ ಅಧ್ಯಾಯದ ‘ಜ್ಞಾನ-ವಿಜ್ಞಾನ’ಗಳಿಗೆ ಭಾಷ್ಯ ಬರೆಯುವಾಗ ಶಂಕರರು ವಿಜ್ಞಾನವನ್ನು ಸ್ವಾನುಭವವೆಂದು ಅರ್ಥೈಸುತ್ತಾರೆ. ಅಲ್ಲಿ ಪಟ್ಟಕಕ್ಕೂ ದೂರದರ್ಶಕಕ್ಕೂ ಎಡೆಯಿಲ್ಲ.

ಸದ್ಯಕ್ಕೆ ನಾನು ‘ನಿಸರ್ಗದರ್ಶನ’ ಎಂದು ಬರೆಯುತ್ತಿದ್ದೇನೆ. ಕಣ್ಣಾರೆ ಕಾಣುವುದು, ಕ್ರಮಬದ್ಧವಾದ ಶಾಸ್ತ್ರ, ದೈವದ ಎದುರು ನಿಲ್ಲುವುದು, ಈ ಮೂರೂ ‘ದರ್ಶನ’ದಲ್ಲಿ ಅಡಗಿವೆ. ಆದರೆ ಸಂದರ್ಭವಿಲ್ಲದೆ ಓದಿದವರಿಗೆ ಅದು ಪ್ರವಾಸಿಗರ ನಿಸರ್ಗವೀಕ್ಷಣೆಯಂತೆ ಕೇಳಿಸಬಹುದು. ಈ ಪದವನ್ನು ಉಳಿಸಿಕೊಳ್ಳಬಹುದೇ, ಅಥವಾ ‘ಪ್ರಕೃತಿಶಾಸ್ತ್ರ’ದಂತಹ ಪದ ಹೆಚ್ಚು ಹೊಂದುತ್ತದೆಯೇ ಎಂಬುದನ್ನು ಹಳೆಯ ಕನ್ನಡ ಪ್ರಯೋಗಗಳ ಆಧಾರದೊಂದಿಗೆ ಬಲ್ಲವರು ದಯವಿಟ್ಟು ತಿಳಿಸಬೇಕು.