ಬೈಪಾಸ್ ಶಸ್ತ್ರಚಿಕಿತ್ಸೆ: ಪಂಪ್ ಬದಲಾದರೆ ಉರಿಯೂತ ತಗ್ಗುತ್ತದೆಯೇ?

ಪ್ರಶ್ನೆ:
ಶಸ್ತ್ರಚಿಕಿತ್ಸೆಯ ವೇಳೆ ಹೃದಯ-ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರದ ರೋಲರ್ ಪಂಪ್ ಕೊಳವೆಯನ್ನು ಹಿಂಡುತ್ತಾ ರಕ್ತವನ್ನು ಮುಂದಕ್ಕೆ ತಳ್ಳುವುದರಿಂದ ಕೆಂಪು ರಕ್ತಕಣಗಳು ಒಡೆಯುತ್ತವೆ. ಹಾಗಾದರೆ ರಕ್ತವನ್ನು ವೇಗವಾಗಿ ತಿರುಗಿಸಿ ತಳ್ಳುವ ಸೆಂಟ್ರಿಫ್ಯೂಗಲ್ ಪಂಪ್ ಬಳಸಿದಾಗ ಬೈಪಾಸ್ ನಂತರ ದೇಹದಾದ್ಯಂತ ಉಂಟಾಗುವ ಉರಿಯೂತವೂ ಕಡಿಮೆಯಾಗಬೇಕಲ್ಲವೇ?

ಉತ್ತರ 1:
ರಕ್ತಕಣ ಒಡೆಯುವುದು ಬೇರೆ, ಉರಿಯೂತ ಬೇರೆ. ರಕ್ತವು ಆಕ್ಸಿಜನೇಟರ್ (ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗ) ಹಾಗೂ ಕೊಳವೆಗಳ ಕೃತಕ ಮೇಲ್ಮೈಯನ್ನು ಮುಟ್ಟಿದೊಡನೆ ಕಾಂಪ್ಲಿಮೆಂಟ್ ವ್ಯವಸ್ಥೆ (ರಕ್ತದಲ್ಲಿನ ರಕ್ಷಣಾ ಪ್ರೋಟೀನ್‌ಗಳ ಗುಂಪು) ಚುರುಕಾಗಿ ಉರಿಯೂತ ಕೆರಳಿಸುವ ಸಿ3ಎ, ಸಿ5ಎ ಅಂಶಗಳು ಬಿಡುಗಡೆಯಾಗುತ್ತವೆ. ನ್ಯೂಟ್ರೊಫಿಲ್‌ಗಳು ಎಂಬ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಕಿಣ್ವವನ್ನು ಸ್ರವಿಸುತ್ತವೆ. ಉರಿಯೂತದ ಸಂದೇಶ ಹೊರುವ ಐಎಲ್-6, ಐಎಲ್-8 ಪ್ರೋಟೀನ್‌ಗಳು ಏರುತ್ತವೆ. ಮಹಾಪಧಮನಿಯ ಕ್ಲ್ಯಾಂಪ್ ತೆಗೆದ ಬಳಿಕ ಹೃದಯಕ್ಕೆ ರಕ್ತ ಮರಳಿ ಹರಿಯುವುದು ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಹೆಪಾರಿನ್ ಪರಿಣಾಮ ಅಳಿಸಲು ಕೊಡುವ ಪ್ರೋಟಮಿನ್ ಕೂಡ ಇದಕ್ಕೆ ತಮ್ಮ ಪಾಲು ಸೇರಿಸುತ್ತವೆ. ಪಂಪ್ ಯಾವುದೇ ಆಗಿರಲಿ, ಇವು ತಪ್ಪುವುದಿಲ್ಲ. ಎರಡೂ ಪಂಪ್‌ಗಳನ್ನು ಹೋಲಿಸಿದ ಅಧ್ಯಯನಗಳ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ಸೆಂಟ್ರಿಫ್ಯೂಗಲ್ ಪಂಪ್‌ನಲ್ಲಿಯೇ ಕೆಲವು ಸೂಚಕಗಳು ಹೆಚ್ಚಾಗಿ ಕಂಡದ್ದೂ ಉಂಟು.

ಉತ್ತರ 2:
ಆಯ್ಕೆಗೆ ಉರಿಯೂತಕ್ಕಿಂತ ಸುರಕ್ಷತೆಯೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಮುಂದಿನ ಕೊಳವೆ ಕಟ್ಟಿಕೊಂಡರೂ ರೋಲರ್ ಪಂಪ್ ತಳ್ಳುತ್ತಲೇ ಇರುವುದರಿಂದ ಒತ್ತಡ ವಿಪರೀತವಾಗಿ ಏರಿ ಜೋಡಣೆಗಳು ಬಿಟ್ಟುಕೊಳ್ಳಬಹುದು. ರಿಸರ್ವಾಯರ್ (ರಕ್ತ ಸಂಗ್ರಹವಾಗುವ ತೊಟ್ಟಿ) ಖಾಲಿಯಾದರೆ ಅದು ಗಾಳಿಯನ್ನೂ ರೋಗಿಯತ್ತ ಕಳುಹಿಸಬಲ್ಲದು. ಸೆಂಟ್ರಿಫ್ಯೂಗಲ್ ಪಂಪ್‌ನೊಳಗೆ ಗಾಳಿ ಹೆಚ್ಚು ತುಂಬಿದರೆ ಹರಿವೇ ನಿಲ್ಲುತ್ತದೆ. ಆದರೆ ಅದರ ವೇಗ ಇಳಿದಾಗ ರಕ್ತ ಹಿಮ್ಮುಖವಾಗಿ ಹರಿಯುವ ಅಪಾಯವಿದೆ. ಕೇವಲ ವೇಗ ನೋಡಿ ಹರಿವು ತಿಳಿಯಲಾಗದ ಕಾರಣ ಫ್ಲೋಮೀಟರ್ ಬೇಕೇ ಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆದರೂ ಒಡೆದ ಕಣಗಳಿಂದ ಹೊರಬಂದ ಹಿಮೋಗ್ಲೋಬಿನ್, ರಕ್ತನಾಳಗಳನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ಅನ್ನು ಹೀರಿ ರಕ್ತನಾಳಗಳನ್ನು ಕುಗ್ಗಿಸುತ್ತದೆಯಲ್ಲ, ಅದನ್ನು ಕಡೆಗಣಿಸಬಹುದೇ?

ಉತ್ತರ 1:
ಕಡೆಗಣಿಸುವಂತಿಲ್ಲ. ಬಹಳ ದೀರ್ಘ ಕಾಲದ ಬಳಕೆಯಲ್ಲಿ ಸೆಂಟ್ರಿಫ್ಯೂಗಲ್ ಪಂಪ್‌ಗೆ ಒಲವು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಆದರೆ ಒಂದೆರಡು ಗಂಟೆಗಳ ಸಾಮಾನ್ಯ ಬೈಪಾಸ್‌ನಲ್ಲಿ ಗಮನವಿಡಬೇಕಾದದ್ದು ಕಾರ್ಡಿಯಾಟಮಿ ಸಕ್ಷನ್ (ಶಸ್ತ್ರಚಿಕಿತ್ಸೆಯ ಜಾಗದಿಂದ ರಕ್ತ ಹೀರುವ ವ್ಯವಸ್ಥೆ) ಕಡೆಗೆ. ಎದೆಗೂಡಿನಿಂದ ಹೀರಿದ ರಕ್ತ ಗಾಳಿಯೊಡನೆ ಬೆರೆತು ಕಣಗಳು ಒಡೆಯುತ್ತವೆ. ಗಾಯದ ಅಂಗಾಂಶಗಳನ್ನು ತಾಗಿದ ಆ ರಕ್ತವು ಉರಿಯೂತದ ಅಂಶಗಳನ್ನೂ ಹೊತ್ತು ತರುತ್ತದೆ. ಮುಖ್ಯ ಪಂಪ್ ಸೆಂಟ್ರಿಫ್ಯೂಗಲ್ ಆಗಿದ್ದಾಗಲೂ ಈ ಸಕ್ಷನ್ ಅನ್ನು ನಡೆಸುವುದು ಸಾಮಾನ್ಯವಾಗಿ ರೋಲರ್ ಪಂಪ್! ಆ ರಕ್ತವನ್ನು ನೇರವಾಗಿ ಮರಳಿಸದೆ ಸೆಲ್ ಸೇವರ್‌ನಲ್ಲಿ ತೊಳೆದು ಕೊಡುವುದು, ಹೆಪಾರಿನ್ ಲೇಪಿತ ಕೊಳವೆ ಬಳಸುವುದು, ರಕ್ತ ಹರಿಯುವ ಸರ್ಕ್ಯೂಟ್ ಚಿಕ್ಕದಾಗಿಸುವುದು, ಇವುಗಳ ಬಗ್ಗೆ ಮೊದಲು ಯೋಚಿಸಿ, ಮುಖ್ಯ ಪಂಪ್‌ನ ಬಗ್ಗೆ ಆನಂತರ ಯೋಚಿಸಬಹುದು.