ಓಟಿಜಿ (ಕೇಕ್, ಬಿಸ್ಕತ್ತು ಬೇಯಿಸುವ ಕರೆಂಟ್ ಓವನ್) ತಗೊಳ್ಳಲೋ, ಕುಕ್ಕರಿನಲ್ಲೇ ಸುಧಾರಿಸಲೋ? ಅನುಭವ ಇದ್ದವರು ಹೇಳಿ

ವಿದ್ಯಾನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿದ್ದೇವೆ, ಇಬ್ಬರು ಮಕ್ಕಳು. ಸ್ಕೂಲಿಂದ ಬರುವಾಗ ಬೇಕರಿ ಮುಂದೆ ನಿಂತರೆ ಅಲ್ಲಾಡಲ್ಲ. ಕಪ್ ಕೇಕ್, ಬೆಣ್ಣೆ ಬಿಸ್ಕತ್ತು, ಬನ್ನು, ಇಷ್ಟನ್ನಾದರೂ ಮನೆಯಲ್ಲೇ ಮಾಡೋಣ ಅಂತಿದ್ದೇನೆ. ಮೊಟ್ಟೆ ನಮ್ಮ ಅಡುಗೆಮನೆಗೆ ಬರಲ್ಲ. ಬಜೆಟ್ 7,000. ಬಾಡಿಗೆ ಮನೆ. ಅಡುಗೆಮನೆಯಲ್ಲಿ ದೊಡ್ಡ ಪ್ಲಗ್ ಪಾಯಿಂಟ್ ಇಲ್ಲ, ಓನರ್ ಗೋಡೆ ಮುಟ್ಟಲು ಬಿಡಲ್ಲ. ಓಟಿಜಿ ತಗೊಳ್ಳಬಹುದಾ?

ಬಿ ಬ್ಲಾಕ್ ಬೇಕರ್:
ಮೇಡಂ, ಕಣ್ಣು ಮುಚ್ಚಿಕೊಂಡು ಓಟಿಜಿ ತಗೊಳ್ಳಿ. ನನ್ನದು 28 ಲೀಟರ್, 1,500 ವ್ಯಾಟ್. ಬೆಲೆ 6,850. ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಬೀಟರ್ 1,450. ತೂಕದ ಮಷಿನ್ 480. ಎರಡು ಕೇಕ್ ಟಿನ್ನು 360. ಬಟರ್ ಪೇಪರ್, ಬ್ರಷ್ಷು, ಅಳತೆ ಚಮಚ ಅಂತ ಇನ್ನೊಂದು 500. ಶುರುವಿನಲ್ಲಿ ಮಾಡಿದ ಕೇಕೆಲ್ಲ ತಳ ಕಪ್ಪು, ನಡುವೆ ಹಸಿ. ನಮ್ಮ ಯಜಮಾನರು ತಟ್ಟೆ ಪಕ್ಕಕ್ಕೆ ಸರಿಸಿ ಬೆಣ್ಣೆ ದೋಸೆ ತಿನ್ನಲು ಹೋದರು. ಕೊನೆಗೆ 350 ಕೊಟ್ಟು ಓವನ್ ಥರ್ಮಾಮೀಟರ್ ತಂದು ಒಳಗಿಟ್ಟೆ. ಡಯಲ್ 180 ತೋರಿಸುತ್ತಿದೆ, ಒಳಗೆ 205! ಕಂಪನಿಯವರಿಗೆ ಫೋನ್ ಮಾಡಿದರೆ "ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ ಮೇಡಂ" ಅಂದರು. ಈಗ ಡಯಲ್ 155ಕ್ಕೆ ಇಟ್ಟು, 10 ನಿಮಿಷ ಮೊದಲೇ ಕಾಯಿಸಿ, ಟಿನ್ನನ್ನು ನಡುವಿನ ಜಾಲರಿ ಮೇಲಿಡುತ್ತೇನೆ. ಆಮೇಲೆ ಒಂದೂ ಕೆಟ್ಟಿಲ್ಲ. ನಾದಿನಿ ಮಗಳ ಬರ್ತ್‌ಡೇಗೂ ನನ್ನದೇ ಕೇಕು.

ಹೊಳಲ್ಕೆರೆ ಕುಕ್ಕರಮ್ಮ:
ಮೇಲಿನವರ ಲೆಕ್ಕ ಕೂಡಿಸಿ ನೋಡಿದೆ, 9,990 ಆಯಿತು. ಬಜೆಟ್ 7,000 ಅಂತ ಕೇಳಿದವರಿಗೆ ಇದಾ ಉತ್ತರ? ನನ್ನದು ಅಟ್ಟದ ಮೇಲಿದ್ದ ಹಳೇ ಕುಕ್ಕರ್. ಖರ್ಚು ಅಂದರೆ ಒಂದು ಪ್ಯಾಕೆಟ್ ಕಲ್ಲುಪ್ಪು. ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು 10 ನಿಮಿಷ ಕಾಯಿಸುವುದು. ಆಮೇಲೆ ಟಿನ್ನು ಇಳಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮೊಟ್ಟೆ ಬದಲು ಮೊಸರು. ಮೊಸರಿನ ಹುಳಿ ಇದ್ದರೇನೇ ಸೋಡಾ ಕೆಲಸ ಮಾಡೋದು. ಕಾಲು ಚಮಚಕ್ಕೆ ಅರ್ಧ ಹಾಕಿದರೆ ಸೋಪು ನೆಕ್ಕಿದ ಹಾಗಿರುತ್ತದೆ. ಇನ್ನೊಂದು ವಿಷಯ, ಕಲಸಿದ ಮೇಲೆ ತಡ ಮಾಡಬಾರದು. ಒಮ್ಮೆ ನಮ್ಮತ್ತೆ ಸಾರಿಗೆ ಒಗ್ಗರಣೆ ಹಾಕಬೇಕು ಅಂತ ಒಲೆ ಬಿಡಿಸಿದರು. ಅರ್ಧ ಗಂಟೆ ಹಿಟ್ಟು ಕಟ್ಟೆ ಮೇಲೆ ಕೂತಿತು. ಕೇಕು ಏಳಲೇ ಇಲ್ಲ, ಚಪ್ಪಡಿ. 110 ರೂಪಾಯಿ ಬೆಣ್ಣೆ, ಅರ್ಧ ಕಪ್ ಕೋಕೋ ಎಲ್ಲಾ ಹಾಳು. ಅದನ್ನು ಇವತ್ತಿಗೂ ಮರೆತಿಲ್ಲ, ಅವರಿಗೂ ಮರೆಯಲು ಬಿಟ್ಟಿಲ್ಲ.

ಬಿ ಬ್ಲಾಕ್ ಬೇಕರ್:
ಕುಕ್ಕರಮ್ಮ ಅವರೇ, ಬೀಟರ್, ತಕ್ಕಡಿ ಕುಕ್ಕರಿಗೂ ಬೇಕು. ನೀವು ಕೈಯಲ್ಲಿ ಕಲಸಿ ಸುಸ್ತಾಗಿದ್ದಕ್ಕೆ ಲೆಕ್ಕ ಹಾಕಿಲ್ಲ ಅಷ್ಟೇ. ಬಿಸ್ಕತ್ತು ಮಾಡಿ ತೋರಿಸಿ ನೋಡೋಣ. ಒಂದು ಸಲಕ್ಕೆ ಆರು ಹಿಡಿಸುತ್ತವೆ, ಮೇಲ್ಭಾಗ ಬಿಳಿ.

ಕೆ.ಟಿ.ಜೆ. ನಗರದವ:
ಅಕ್ಕಾರೆ, ದಯವಿಟ್ಟು ಆ ಕುಕ್ಕರಿನಲ್ಲಿ ಮತ್ತೆ ಬೇಳೆ ಬೇಯಿಸಬೇಡಿ. ನೀರಿಲ್ಲದೆ ಕಾಯಿಸಿ ಕಾಯಿಸಿ ನಮ್ಮನೆ ಅಲ್ಯೂಮಿನಿಯಂ ಕುಕ್ಕರಿನ ತಳ ಉಬ್ಬಿಕೊಂಡಿತು. 2,100ರ ಕುಕ್ಕರ್. ಗುಜರಿಯವನು 140 ಕೊಟ್ಟ. ವಾರಂಟಿ ಕೇಳಲು ಹೋದರೆ "ಕೇಕ್ ಮಾಡಿದ್ರಾ?" ಅಂತ ತಳ ನೋಡಿಯೇ ಕಂಡುಹಿಡಿದರು.

ಹೊಳಲ್ಕೆರೆ ಕುಕ್ಕರಮ್ಮ:
"ಅಟ್ಟದ ಮೇಲಿದ್ದ ಹಳೇ ಕುಕ್ಕರ್" ಅಂತ ಸ್ಪಷ್ಟವಾಗಿ ಬರೆದಿದ್ದೇನೆ. ಅದರಲ್ಲಿ ಬೇಳೆ ಯಾರು ಬೇಯಿಸುತ್ತಾರೆ? ಓದಿ ಬರೆಯಿರಿ ಅಣ್ಣಾರೆ.

ದುರ್ಗದ ಹುಡುಗ:
ಕನ್ವೆಕ್ಷನ್ ಮೈಕ್ರೋವೇವ್ ತಗೊಳ್ಳಿ, ಹಾಲು ಬಿಸಿ ಮಾಡೋದು, ಕೇಕ್ ಬೇಯಿಸೋದು ಎರಡೂ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು 14,500 ಕೊಟ್ಟೆ. ಸ್ಟೆಬಿಲೈಸರ್ 2,200 ಬೇರೆ. ಒಂದು ವರ್ಷದ ವಾರಂಟಿ ಮುಗಿದ ತಿಂಗಳೇ ಬಿಸಿಯಾಗುವುದು ನಿಂತಿತು. ಲೈಟ್ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಹಾಲು ತಣ್ಣಗೇ ಇರುತ್ತದೆ. ಚಿತ್ರದುರ್ಗದಲ್ಲಿ ಸರ್ವಿಸ್ ಇಲ್ಲ, ದಾವಣಗೆರೆಯಿಂದ ಬರಬೇಕು ಅಂದರು. ಬಂದು ನೋಡಲು 450. ಮ್ಯಾಗ್ನೆಟ್ರಾನ್ (ಮೈಕ್ರೋವೇವ್ ಹುಟ್ಟಿಸುವ ಭಾಗ) ಹೋಗಿದೆ, 4,800 ಅಂದ. ಬೇಡ ಅಂದೆ, ಆದರೂ ಆ 450 ಹೋಯಿತು. ಕನ್ವೆಕ್ಷನ್, ಅಂದರೆ ಬಿಸಿ ಗಾಳಿಯಲ್ಲಿ ಬೇಯಿಸುವುದು ಮಾತ್ರ ಈಗಲೂ ನಡೆಯುತ್ತದೆ. ಅಂದರೆ 16,700 ಸುರಿದು ನಾನು ತಗೊಂಡಿದ್ದು ಒಂದು ಓಟಿಜಿ. ಇದಕ್ಕೆ ಮುಂಚೆ ನಮ್ಮ ತಂಗಿ ಅದರಲ್ಲಿ ಸ್ಟೀಲ್ ಬಟ್ಟಲಿಟ್ಟು ಮೈಕ್ರೋ ಒತ್ತಿ ಕಿಡಿ ಹಾರಿಸಿದ್ದಳು. ಅದರಿಂದಲೇ ಹಾಳಾಯಿತು ಅಂತ ಅಮ್ಮ, ಅಲ್ಲ ಅಂತ ತಂಗಿ. ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ ಪಂಚಾಯ್ತಿ.

ನಿಟ್ಟುವಳ್ಳಿ ಲೆಕ್ಕದಮ್ಮ:
ಕರೆಂಟ್ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ನಮ್ಮದು ಗೃಹಜ್ಯೋತಿ. ಹಿಂದಿನ ಸರಾಸರಿ ನೋಡಿ, ಅದರ ಮೇಲೆ 10% ಸೇರಿಸಿ, ಅಷ್ಟು ಯೂನಿಟ್ ಉಚಿತ. ನಮಗೆ 63. ಓಟಿಜಿ ಬರುವ ತನಕ ಸೊನ್ನೆ ಬಿಲ್ಲು ಬರುತ್ತಿತ್ತು. ಓಟಿಜಿ ಬಂದ ತಿಂಗಳು ಬಿಲ್ಲಿನಲ್ಲಿ ದುಡ್ಡು ಬಂತು! ನಮ್ಮ ಮಾವನವರು ಆ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು.

ಕೆ.ಟಿ.ಜೆ. ನಗರದವ:
1,500 ವ್ಯಾಟ್ ಒಂದು ಗಂಟೆ ಬಿಡದೆ ಉರಿದರೂ ಒಂದೂವರೆ ಯೂನಿಟ್. ಅದು ಬಿಸಿಯಾದ ಮೇಲೆ ತಾನಾಗೇ ಆಫ್ ಆಗಿ ಆನ್ ಆಗುತ್ತಿರುತ್ತದೆ. ಒಂದು ಕೇಕಿಗೆ ಹೆಚ್ಚೆಂದರೆ ಒಂದು ಯೂನಿಟ್. ಸುಮ್ನೆ ಓಟಿಜಿ ಮೇಲೆ ಯಾಕೆ ಹಾಕುತ್ತೀರಿ? ಗೀಸರ್ ನೋಡಿ.

ನಿಟ್ಟುವಳ್ಳಿ ಲೆಕ್ಕದಮ್ಮ:
ನಮ್ಮನೇಲಿ ಗೀಸರೇ ಇಲ್ಲ ಸರ್. ಸೌದೆ ಒಲೆ ಹಂಡೆ.

ಕೆ.ಟಿ.ಜೆ. ನಗರದವ:
ಹಾಗಾದರೆ ನೀವು ಬೇಕರಿ ಇಟ್ಟಿರಬೇಕು.

ಹಳೇ ಪೇಟೆ ಅಜ್ಜಿ:
ಇವೆಲ್ಲ ಯಾಕವ್ವಾ? ನಾವು ಮಕ್ಕಳಿಗೆ ದಸರೆ ರಜಾ ಬಂದರೆ ಮೈದಾ, ಸಕ್ಕರೆ, ತುಪ್ಪ ಎಲ್ಲಾ ತೂಗಿಸಿಕೊಂಡು ಬೇಕರಿಗೇ ಹೋಗುತ್ತಿದ್ದೆವು. ನಮ್ಮ ಸಾಮಾನು, ಅವರ ಭಟ್ಟಿ. ಕಲಸುವುದೂ ಅವರೇ. ಕೇಜಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಆಯಿತು. ಅಲ್ಲೇ ಮಣೆ ಹಾಕಿಕೊಂಡು ಕೂತು, ತಗಡಿನ ಡಬ್ಬಿ ತುಂಬಿಸಿಕೊಂಡು ಬರುವುದು. ಡಬ್ಬಿ ಇನ್ನೂ ಸುಡುತ್ತಿರುತ್ತಿತ್ತು, ಸೆರಗಿನಲ್ಲಿ ಹಿಡಿದು ತರಬೇಕು. ಹೋದ ವರ್ಷವೂ ಮಾಡಿಸಿದೆ, ಕೇಜಿಗೆ 70 ತಗೊಂಡರು. ನಿಮ್ಮ ಓಟಿಜಿಯಲ್ಲಿ ಆ ಸೌದೆ ಘಮ ಬರುತ್ತಾ?

ಬಿ ಬ್ಲಾಕ್ ಬೇಕರ್:
ಅಜ್ಜಿ, ನೀವು ಕೂತು ನೋಡುತ್ತೀರಿ ಸರಿ. ನಾನು ಕೊಟ್ಟು ಬಂದು ಸಂಜೆ ತರಲು ಹೋದೆ. ಒಂದು ಕೇಜಿ ತುಪ್ಪ ಕೊಟ್ಟಿದ್ದೆ, ಬಿಸ್ಕತ್ತಿನಲ್ಲಿ ಡಾಲ್ಡಾ ವಾಸನೆ. ತುಪ್ಪಕ್ಕೆ 640. ಯಾರನ್ನು ಕೇಳೋದು?

ಹಳೇ ಪೇಟೆ ಅಜ್ಜಿ:
ಕೊಟ್ಟು ಬಂದರೆ ಹಾಗೇ ಆಗೋದು.

ಎಮ್ಮೆ ಇರುವವಳು, ಹರಿಹರ:
ಡಾಲ್ಡಾ ಅಂದರೆ ವಿಷ ಅನ್ನೋ ಹಾಗೆ ಆಡಬೇಡಿ. 2022ರಿಂದ ಅದರಲ್ಲಿ ಟ್ರಾನ್ಸ್ ಫ್ಯಾಟ್ 2% ದಾಟುವಂತಿಲ್ಲ ಅಂತ ಕಾನೂನೇ ಇದೆ. ಹಾಗಂತ ನಾನು ಹಾಕಲ್ಲ, ನಮ್ಮನೇಲಿ ಬೆಣ್ಣೆ ಇದೆ. ಅದರದ್ದು ಬೇರೆ ಕಥೆ. ಅಂಗಡಿ ಬೆಣ್ಣೆಯಲ್ಲಿ 80% ಜಿಡ್ಡು ಇರಲೇಬೇಕು. ಮನೆ ಬೆಣ್ಣೆಯಲ್ಲಿ ನೀರು ಎಷ್ಟಿದೆ ದೇವರಿಗೇ ಗೊತ್ತು. ಹಾಗೇ ಹಾಕಿದರೆ ಬಿಸ್ಕತ್ತು ತಟ್ಟೆ ತುಂಬಾ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಐಸ್ ನೀರಿನಲ್ಲಿ ಮಜ್ಜಿಗೆ ಹೋಗುವ ತನಕ ತೊಳೆಯಬೇಕು. ಅಂಗೈಯಲ್ಲಿ ಒತ್ತಿದರೆ ಸಣ್ಣ ಸಣ್ಣ ಹನಿ ಹೊರಗೆ ಬರುತ್ತವೆ, ಅವು ಬರುವುದು ನಿಲ್ಲಬೇಕು. ಆಮೇಲೆ ಸಕ್ಕರೆ ಪುಡಿ ಜೊತೆ ತಿಕ್ಕುವುದು. ಉಂಡೆ ಮಾಡಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬೆಣ್ಣೆ ಬಿಸ್ಕತ್ತಿಗೆ ದಾವಣಗೆರೆ ಕಡೆಯ ಬೆಣ್ಣೆ ಬಿಟ್ಟು ಬೇರೆ ಯಾವ ಊರಿನದೂ ಆಗಲ್ಲ.

ಚಳ್ಳಕೆರೆ ಶೇಂಗಾ:
ಬಂತಪ್ಪಾ ದಾವಣಗೆರೆ ಬೆಣ್ಣೆ. ನಮ್ಮ ಕಡೆ ಎಮ್ಮೆ ಹಾಲು ಕೊಡಲ್ವಾ? ಮಕ್ಕಳ ತಿಂಡಿ ಅಂದರೆ ಮೈದಾ, ಸಕ್ಕರೆ ಬಿಟ್ಟು ಬೇರೆ ಗೊತ್ತೇ ಇಲ್ಲವಾ ನಿಮಗೆ? ಶೇಂಗಾ ಹುರಿದು, ಸಿಪ್ಪೆ ತೂರಿ, ಬೆಲ್ಲದ ಪಾಕಕ್ಕೆ ಹಾಕಿ ಉಂಡೆ ಕಟ್ಟಿ. ಪಾಕ ನೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ತಟ್ಟೆಗೆ ಬಡಿದರೆ ಟಣ್ ಅನ್ನಬೇಕು, ಅಷ್ಟೇ ಗುಟ್ಟು. ಓಟಿಜಿ ಬೇಡ, ಪ್ಲಗ್ ಬೇಡ, ಓನರ್ ಬೇಡ.

ಎಮ್ಮೆ ಇರುವವಳು, ಹರಿಹರ:
ಅವರು ಕೇಳಿದ್ದು ಕೇಕು, ನೀವು ಹೇಳೋದು ಪಂಚಮಿ ಉಂಡೆ. ದುರ್ಗದವರಿಗೆ ದಾವಣಗೆರೆ ಹೆಸರು ಕೇಳಿದರೇ ಆಗಲ್ಲ.

ಚಳ್ಳಕೆರೆ ಶೇಂಗಾ:
1997ರವರೆಗೆ ದಾವಣಗೆರೆಯೂ ನಮ್ಮ ಚಿತ್ರದುರ್ಗ ಜಿಲ್ಲೆಯೇ ಆಗಿತ್ತು, ನೆನಪಿರಲಿ ತಾಯಿ.

ದುರ್ಗದ ಹುಡುಗ:
ಸರ್ವಿಸ್ ಸೆಂಟರ್ ಮಾತ್ರ ಅವರ ಹತ್ತಿರವೇ ಉಳಿದುಕೊಂಡಿತು.

ವಿದ್ಯಾನಗರದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಪ್ಲಗ್ ಪಾಯಿಂಟ್ ವಿಷಯ ಯಾರೂ ಹೇಳಲಿಲ್ಲ. ಮಿಕ್ಸಿ ಹಾಕುವ ಚಿಕ್ಕ ಪಾಯಿಂಟಿಗೆ ಓಟಿಜಿ ಹಾಕಬಹುದಾ?

ಸರಸ್ವತಿ ಬಡಾವಣೆ ಎಸ್.:
ಹಾಕಬೇಡಿ. 1,500 ವ್ಯಾಟ್ ಅಂದರೆ ಆರೂವರೆ ಆಂಪ್ಸ್ ಎಳೆಯುತ್ತದೆ, ಆ ಪಾಯಿಂಟ್ ಇರೋದೇ 6 ಆಂಪ್ಸಿಗೆ. ನಮ್ಮನೆಯಲ್ಲಿ ಅಡಾಪ್ಟರ್ ಹಾಕಿ ನಡೆಸಿದರು. ಸಾಕೆಟ್ ಕರಗಿ ಪಿನ್ನು ಅದರೊಳಗೇ ಕೂತಿತು. ಎಲೆಕ್ಟ್ರಿಷಿಯನ್ ಹೊಸ ವೈರ್ ಎಳೆದು 16 ಆಂಪ್ಸ್ ಪಾಯಿಂಟ್ ಹಾಕಲು 2,650 ತಗೊಂಡ. ವೈರಿಗೆ 1,100, ಬಾಕ್ಸು ಸ್ವಿಚ್ಚು 550, ಕೂಲಿ 1,000. ಸಿಮೆಂಟ್ ಮೆತ್ತುವುದು ತನ್ನ ಕೆಲಸ ಅಲ್ಲ ಅಂತ ಹೋದ, ಗೋಡೆ ಹಾಗೇ ಇದೆ. ಅಂದಹಾಗೆ ನಮ್ಮ 25 ಲೀಟರ್ ಓಟಿಜಿ ಈಗ ಮಾರಾಟಕ್ಕಿದೆ. 3,800.

ಬಿ ಬ್ಲಾಕ್ ಬೇಕರ್:
ಪ್ಲಗ್ ಕರಗಿದ ಓಟಿಜಿಗೆ 3,800ಆ?

ಸರಸ್ವತಿ ಬಡಾವಣೆ ಎಸ್.:
ಕರಗಿದ್ದು ಗೋಡೆಯ ಸಾಕೆಟ್ ಮೇಡಂ. ಓಟಿಜಿಗೆ ಹೊಸ ವೈರು, ಹೊಸ ಪ್ಲಗ್ಗು ಹಾಕಿಸಿದ್ದೇನೆ, 280 ಕೊಟ್ಟು.

ವಿದ್ಯಾನಗರದ ಅಮ್ಮ:
3,000ಕ್ಕೆ ಕೊಡುತ್ತೀರಾ ಸರ್? ಹಾಲ್‌ನಲ್ಲಿ ವಾಷಿಂಗ್ ಮಷಿನ್ನಿನ ದೊಡ್ಡ ಪಾಯಿಂಟ್ ಇದೆ, ಅಲ್ಲೇ ಇಟ್ಟುಕೊಳ್ಳುತ್ತೇನೆ.

ಹೊಳಲ್ಕೆರೆ ಕುಕ್ಕರಮ್ಮ:
ಹಾಲ್‌ನಲ್ಲಿ ಕೇಕು! ಇಷ್ಟು ಹೊತ್ತು ನಾನು ಯಾರಿಗೆ ಹೇಳಿದ್ದು?

ಸರಸ್ವತಿ ಬಡಾವಣೆ ಎಸ್.:
3,500. ಎರಡು ಟ್ರೇ, ಒಂದು ಇಕ್ಕಳ ಸೇರಿ. ಬೀಟರ್ ಬೇಕಾದರೆ 600 ಬೇರೆ. ಸಂಜೆ ಆರರ ಮೇಲೆ ಬನ್ನಿ, ನಮ್ಮನೆಯವರು ಇರಬೇಕು. ಅದು ಅವರ ತವರಿನಿಂದ ಬಂದದ್ದು.