ಬಾಲ ನ್ಯಾಯ ಮಂಡಳಿ ಕಡತದಲ್ಲಿ ನಂಬರ್ ಮಗುವಿಗೋ, ಪ್ರಕರಣಕ್ಕೋ?

ಕಲ್ಪತರು ವಕೀಲ (ತುಮಕೂರು): 2015ರ ಬಾಲ ನ್ಯಾಯ ಕಾಯ್ದೆ ಕಲಂ 74ರ ಪ್ರಕಾರ, ಅಪರಾಧದ ಆರೋಪ ಹೊತ್ತು ಬಾಲ ನ್ಯಾಯ ಮಂಡಳಿ ಮುಂದೆ ಬರುವ 18ರೊಳಗಿನ ಮಗುವಿನ ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವೂ ಹೊರಗೆ ಹೋಗಬಾರದು. ಹಾಗಾಗಿ ಹೆಸರಿನ ಬದಲು ಪ್ರತಿ ಮಗುವಿಗೂ ಅದರದ್ದೇ ಒಂದು ನಂಬರ್ ಕೊಡಿ, ಎಷ್ಟು ಪ್ರಕರಣ ಬಂದರೂ ಅದೇ. ಆದೇಶ, ಸಮನ್ಸ್, ಕಾಸ್ ಲಿಸ್ಟ್ (ದಿನದ ಪ್ರಕರಣಗಳ ಪಟ್ಟಿ) ಎಲ್ಲದರಲ್ಲೂ ಅದೇ ಬರಲಿ. ಯಾವ ನಂಬರ್ ಯಾರದ್ದು ಅನ್ನೋ ರಿಜಿಸ್ಟರ್ ಪ್ರಧಾನ ಮ್ಯಾಜಿಸ್ಟ್ರೇಟರ ಬೀಗದೊಳಗಿರಲಿ. ಎರಡನೇ ಪ್ರಕರಣ ಬಂದಾಗ ಹಳೇ ಸಾಮಾಜಿಕ ತನಿಖಾ ವರದಿ (ಮಗುವಿನ ಮನೆ, ಹಿನ್ನೆಲೆಯ ವರದಿ) ತಕ್ಷಣ ಸಿಗುತ್ತೆ.

ಅಂತರಗಂಗೆ (ಕೋಲಾರ): "ಪ್ರತಿ ಮಗುವಿಗೂ ಅದರದ್ದೇ ಒಂದು ನಂಬರ್" ಅಂದ್ರೆ ಚಿಕ್ಕ ವಯಸ್ಸಿಗೇ ರೌಡಿಶೀಟ್ ತೆಗೆದ ಹಾಗೆ. ಪ್ರಕರಣಕ್ಕೆ ಸಿಎನ್‌ಆರ್ (ಕೋರ್ಟ್ ಕಂಪ್ಯೂಟರ್ ಪ್ರತಿ ಪ್ರಕರಣಕ್ಕೂ ಕೊಡುವ ಸಂಖ್ಯೆ) ಇದ್ದೇ ಇದೆ: 16 ಅಕ್ಷರ, ಅದರಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ, 6 ಅಂಕಿ ಕ್ರಮಸಂಖ್ಯೆ, ವರ್ಷ. ಅಷ್ಟು ಸಾಕು.

ದಾಖಲೆ ಕೋಣೆ (ಚಿಕ್ಕಬಳ್ಳಾಪುರ): ಸಾಕಾಗಲ್ಲ. ಒಂದೇ ಪ್ರಕರಣದಲ್ಲಿ ಮೂವರು ಮಕ್ಕಳಿದ್ದರೆ ಮಗು-1, ಮಗು-2 ಅಂತ ಬರೀತಾರೆ. ಜಾಮೀನು ಅರ್ಜಿಯಲ್ಲಿ ಕ್ರಮ ಬದಲಾದರೆ ಒಬ್ಬನ ಆದೇಶ ಇನ್ನೊಬ್ಬನ ಕಡತಕ್ಕೆ ಹೋಗುತ್ತೆ. ಹಾಗಂತ ಇನಿಷಿಯಲ್, ಹುಟ್ಟಿದ ದಿನ, ತಾಲ್ಲೂಕು ಸೇರಿಸಿ ನಂಬರ್ ಮಾಡಲೂಬೇಡಿ. ಒಂದು ಹೋಬಳಿಯೊಳಗೆ ಯಾರು ಅಂತ ಅರ್ಧ ಗಂಟೆಲಿ ಗೊತ್ತಾಗುತ್ತೆ. ಶಾಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತ ಬರೆಸಿದ ಮಕ್ಕಳು ಬೇರೆ ಎಷ್ಟೋ ಜನ; ಇಬ್ಬರು ಮಂಜುನಾಥರಿಗೆ ಒಂದೇ ನಂಬರ್ ಬೀಳುತ್ತೆ. ಅರ್ಥವಿಲ್ಲದ 6 ಅಂಕಿ, ಕೊನೆಗೊಂದು ಚೆಕ್ ಅಂಕಿ (ಉಳಿದ ಅಂಕಿಗಳಿಂದ ಲೆಕ್ಕ ಹಾಕಿ, ತಪ್ಪು ಹಿಡಿಯೋಕೆ ಸೇರಿಸೋದು). ಟೈಪ್ ಮಾಡುವಾಗ 47 ಹೋಗಿ 74 ಆದರೆ ಸಿಸ್ಟಮ್ ಅಲ್ಲೇ ತಡೀಬೇಕು. ಆಧಾರ್‌ನ ಕೊನೇ ಅಂಕಿ ಮಾಡೋದೂ ಅದೇ ಕೆಲಸ.

ಕಲ್ಪತರು ವಕೀಲ: ರೌಡಿಶೀಟ್ ಮಾತು ಬಿಡಿ. 7 ವರ್ಷಕ್ಕೆ ರಿಜಿಸ್ಟರ್ ನಾಶ ಆಗುತ್ತೆ. ಆಮೇಲೆ ಆ ನಂಬರ್ ಯಾರದ್ದೂ ಅಲ್ಲ.

ಅಂತರಗಂಗೆ: 7 ವರ್ಷ ಎಲ್ಲಿಂದ ತಂದಿರಿ? ಕಲಂ 24(2) ಹೇಳೋದು ಮೇಲ್ಮನವಿ ಅವಧಿ ಮುಗಿದ ಮೇಲೆ ನಾಶ ಅಂತ. ಕಲಂ 101ರಲ್ಲಿ ಮೇಲ್ಮನವಿಗೆ 30 ದಿನ.

ಕಲ್ಪತರು ವಕೀಲ: ಅರ್ಧ ಓದಿ ವಾದಕ್ಕೆ ಬರಬೇಡಿ. ಅದೇ ಉಪಕಲಂನಲ್ಲಿ "ಅಥವಾ ನಿಯಮದಲ್ಲಿ ಹೇಳಿದ ಸಮಂಜಸ ಅವಧಿ" ಅಂತಲೂ ಇದೆ. 2016ರ ಮಾದರಿ ನಿಯಮ 14 ನೋಡಿ: 7 ವರ್ಷ, ಅದಕ್ಕಿಂತ ಹೆಚ್ಚು ಇಡುವಂತಿಲ್ಲ.

ಅಂತರಗಂಗೆ: "ಹೆಚ್ಚು ಇಡುವಂತಿಲ್ಲ" ಅಂದ್ರೆ ಮೇಲಿನ ಮಿತಿ. 7 ವರ್ಷ ಇಡಲೇಬೇಕು ಅಂತ ಎಲ್ಲಿದೆ ತೋರಿಸಿ. 17ರ ಹುಡುಗನ ದಾಖಲೆ ಅವನಿಗೆ 24 ಆಗೋವರೆಗೂ ಇರುತ್ತೆ, ಕೆಲಸಕ್ಕೆ ಅರ್ಜಿ ಹಾಕೋ ವಯಸ್ಸು ಪೂರ್ತಿ! ಹಳೇ ದಾಖಲೆ ಅಳಿಸಿ ಮಗು ಹೊಸದಾಗಿ ಶುರು ಮಾಡಲಿ ಅನ್ನೋ ಕಲಂ 3ರ ಹೊಸ ಆರಂಭದ ತತ್ವ ಏನಾಯ್ತು?

ನಂದಿಗಿರಿ (ಚಿಕ್ಕಬಳ್ಳಾಪುರ): ಕೆಲಸದ ಭಯ ಬೇಡ ಸಾರ್. ಮುಗಿದ ಪ್ರಕರಣದ ದಾಖಲೆಯನ್ನ ಪೊಲೀಸರು ನಡತೆ ಪ್ರಮಾಣಪತ್ರಕ್ಕೆ ಬಳಸೋ ಹಾಗಿಲ್ಲ, ಕಲಂ 74(2). ಇನ್ನೊಂದು, ಘೋರ ಅಪರಾಧದಲ್ಲಿ ಮಗುವನ್ನ ವಯಸ್ಕನಂತೆ ವಿಚಾರಣೆ ಮಾಡಿ ಕಲಂ 19(1)(i) ಅಡಿ ತೀರ್ಮಾನ ಆದರೆ ಮಕ್ಕಳ ನ್ಯಾಯಾಲಯ ದಾಖಲೆ ಉಳಿಸಿಕೊಳ್ಳಲೇಬೇಕು. 30 ದಿನವೂ ಇಲ್ಲ, 7 ವರ್ಷವೂ ಇಲ್ಲ.

ಅಂತರಗಂಗೆ: "ಬಳಸೋ ಹಾಗಿಲ್ಲ" ಅಂತ ಕಾನೂನಿದ್ದರೆ ಆಯ್ತಾ? ಠಾಣೆ ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಬರುತ್ತೆ ಅಂದ್ಮೇಲೆ ನೋಡದೆ ಬಿಡ್ತಾರಾ? ಇಲ್ಲದ ದಾಖಲೆ ಒಂದೇ ಸೋರದ ದಾಖಲೆ.

ಕಲ್ಪತರು ವಕೀಲ: ಕಾನೂನು ಬಿಟ್ಟು ಊಹೆಗೆ ಇಳಿದಿರಿ. ನಿಯಮ 14ಕ್ಕೆ ಉತ್ತರ ಕೊಡಿ.

ದಾಖಲೆ ಕೋಣೆ: ನೀವಿಬ್ಬರೂ ಕಾಗದ ಸುಡೋ ದಿನಾಂಕಕ್ಕೆ ಜಗಳ ಆಡ್ತಾ ಇದ್ದೀರಿ. ಸೋರಿಕೆ ಆಗೋದು ಮೊದಲ ವಾರದಲ್ಲೇ. ವಯಸ್ಕರ ಜೊತೆ ಸೇರಿದ ಪ್ರಕರಣ ಆದರೆ ಎಫ್‌ಐಆರ್ ಆಗುತ್ತೆ. ಕಲಂ 23ರಂತೆ ಮಗುವಿನ ವಿಚಾರಣೆ ಬೇರೆ ಮಾಡ್ತಾರೆ, ಆದರೆ ವಯಸ್ಕರ ಚಾರ್ಜ್‌ಶೀಟಿನಲ್ಲಿ, ಮಹಜರಿನಲ್ಲಿ ಮಗುವಿನ ಹೆಸರು, ತಂದೆ ಹೆಸರು, ಊರು ಹಾಗೇ ಉಳಿಯುತ್ತೆ. ಕೋರ್ಟ್ ವೆಬ್‌ಸೈಟಿನಲ್ಲಿ ಪಕ್ಷಕಾರರ ಹೆಸರು ಮರೆಮಾಡಿದರೂ ಅಪ್‌ಲೋಡ್ ಆದ ಪಿಡಿಎಫ್ ಒಳಗೆ ಇರುತ್ತೆ. 2020ರ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಹೈಕೋರ್ಟ್ ತೀರ್ಪಿನಿಂದಲೇ ಮಗುವಿನ ಹೆಸರು ತೆಗೀರಿ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು. 24 ಗಂಟೆಯೊಳಗೆ ಮಂಡಳಿ ಮುಂದೆ ಹಾಜರುಪಡಿಸಿದ ದಿನವೇ ನಂಬರ್ ಬೀಳಬೇಕು. ಚಾರ್ಜ್‌ಶೀಟ್ ಬರೆಯೋರ ಕೈಗೆ ಆ ನಂಬರ್ ಸಿಗಬೇಕು.

ನಂದಿಗಿರಿ: ಬ್ಯಾಕಪ್ ಗತಿ? ರಿಜಿಸ್ಟರ್ ಸುಟ್ಟರೂ ಸರ್ವರಿನ ಹಳೇ ಪ್ರತಿಯಲ್ಲಿ ಹೆಸರು-ನಂಬರ್ ಜೋಡಿ ಉಳಿದಿರುತ್ತೆ.

ಕಲ್ಪತರು ವಕೀಲ: ಅದಕ್ಕೇ ರಿಜಿಸ್ಟರ್ ಕಾಗದದಲ್ಲೇ ಇರಲಿ ಅನ್ನೋದು. ಸರ್ವರಿಗೆ ನಂಬರ್ ಮಾತ್ರ ಹೋಗಲಿ.

ಅಂತರಗಂಗೆ: ಕಾಗದವಾದರೂ 7 ವರ್ಷ ಯಾಕೆ ಅಂತ ಇನ್ನೂ ಹೇಳಿಲ್ಲ ನೀವು. ಚೆಕ್ ಅಂಕಿ ಬೇಕಾದ್ರೆ ಪ್ರಕರಣದ ನಂಬರಿಗೆ ಹಾಕಿ, ಮಗುವಿನ ಮೇಲೆ ಬೇಡ.